ನನ್ನ ರೆಪ್ಪೆಯ ಗಂಟು ಸೌಂದರ್ಯದ ವಿಷಯವಲ್ಲ

ತಜ್ಞವೈದ್ಯರ ಸರದಿ ಹಂಚುವ ನಗರ ಕಚೇರಿಯ ಮಾನ್ಯ ನಿರ್ದೇಶಕರೇ,

ನನ್ನ ಎಡಗಣ್ಣಿನ ಮೇಲ್ರೆಪ್ಪೆಯಲ್ಲಿರುವ ಹಳದಿ ಗಂಟನ್ನು ತಮ್ಮ ಕಚೇರಿ ‘ಸೌಂದರ್ಯ ಸಂಬಂಧಿ’ ಎಂದು ಬರೆದುಕೊಂಡು ಏಳು ತಿಂಗಳಿಂದ ಸಾಲಿನ ಕೊನೆಯಲ್ಲಿ ಕೂರಿಸಿದೆ. ನನ್ನ ಐವತ್ತೆಂಟು ವರ್ಷದ ಬಾಳಿನಲ್ಲಿ ಈ ಮುಖಕ್ಕೂ ಸೌಂದರ್ಯಕ್ಕೂ ಸಂಬಂಧ ಕಂಡ ಮೊದಲ ಸರ್ಕಾರಿ ಕಚೇರಿ ತಮ್ಮದು. ಬೇರೆ ದಿನವಾಗಿದ್ದರೆ ಕನ್ನಡಿಯ ಮುಂದೆ ನಿಂತು ಬೀಗುತ್ತಿದ್ದೆ. ಈಗ ಆ ಕಣ್ಣೇ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಹಿಂದಿನ ಮೂರು ಅರ್ಜಿಗಳನ್ನು ತಾವು ಓದಿದಂತಿಲ್ಲ. ಇದನ್ನು ಪತ್ರಿಕೆಗೆ ಕೊಟ್ಟಿದ್ದೇನೆ, ಊರಾದರೂ ಓದಲಿ.

ನಾನು ಬಂದರು ಬೀದಿಯ ಮೂಲೆಯಲ್ಲಿ ತಕಾಕಾ ಮಾರುವವಳು. ಮೂವತ್ತೊಂದು ವರ್ಷದಿಂದ ದಿನಾ ಸಂಜೆ ನಾಲ್ಕಕ್ಕೆ ಮಡಕೆ ಇಟ್ಟು, ಮರಗೆಣಸಿನ ಬಿಸಿ ಹಳದಿ ಸಾರಿಗೆ ಅಂಟುಗಂಜಿ, ನಾಲಗೆ ಜುಮ್ಮೆನಿಸುವ ಸೊಪ್ಪು, ಒಣಸಿಗಡಿ ಹಾಕಿ ಸೋರೆಬುರುಡೆಯಲ್ಲಿ ಕೊಡುತ್ತೇನೆ. ಅಡುಗೆ ಮಾರುವವಳ ಕಣ್ಣಿನ ಮೇಲೆ ಗಂಟೆದ್ದರೆ ನಮ್ಮ ಪಾರಾ ಸೀಮೆಯಲ್ಲಿ ಏನರ್ಥವೆಂದು ತಮ್ಮ ತಾಯಿ ತಮಗೆ ಹೇಳಿರುತ್ತಾರೆ: ಬಯಕೆಯ ಬಸುರಿ ಕೇಳಿದ್ದನ್ನು ಇವಳು ಇಲ್ಲವೆಂದಿದ್ದಾಳೆ. ಎದುರಿನ ಮೀನಿನ ಅಂಗಡಿಯ ಕ್ರಿಸಾಂತೋ ಗಂಟು ಕಂಡ ಮೊದಲ ದಿನವೇ ಬೀದಿಗೆಲ್ಲ ಕೇಳುವಂತೆ ಕೂಗಿದ.

“ಏನೇ ಒಸ್ಮರೀನಾ, ಯಾವ ಬಸುರಿ ಹೊಟ್ಟೆ ಮೇಲೆ ಹೊಡ್ದೆ? ಕಣ್ಣೇ ಸಾಕ್ಷಿ ಹೇಳ್ತಿದೆ!”

“ಹೋಗಿ ನಿನ್ನ ಹೆಂಡ್ತೀನ ಕೇಳೋ. ನಾಲ್ಕು ಬಸುರಿಗೂ ನನ್ನ ಬುರುಡೇಲೇ ಕುಡಿದೋಳು ಅವ್ಳು.”

ಅವನು ನಕ್ಕ. ನಗದವರು ರಸ್ತೆ ದಾಟಿ ಆಚೆ ಬದಿಯಿಂದ ಹೋಗತೊಡಗಿದರು. ಇಲ್ಲ ಎಂದವರಿಗೆ ಕಣ್ಣಲ್ಲಿ ಗಂಟೇಳುವುದು ನಿಜವೇ ಆಗಿದ್ದರೆ, ಮಾನ್ಯರೇ, ತಮ್ಮ ಕಚೇರಿಯಲ್ಲಿ ಒಬ್ಬರಿಗಾದರೂ ಕಣ್ಣು ಬಿಡಲಾಗುತ್ತಿತ್ತೇ?

ನಾನೂ ದಡ್ಡತನ ಮಾಡಲಿಲ್ಲವೆಂದಲ್ಲ. ಮೊದಲ ಸಲ ಗಂಟು ಬಂದಾಗ ಎಲ್ಲರಂತೆ ಮದುವೆಯ ಚಿನ್ನದುಂಗುರವನ್ನು ಅಂಗೈಗೆ ಉಜ್ಜಿ ಕಾಯಿಸಿ ರೆಪ್ಪೆಗೆ ಒತ್ತಿದೆ. ಕೆಂಪಗೆ ಬಾತು ನೋಯುತ್ತಿದ್ದ ಕುರು ವಾರದಲ್ಲಿ ತಾನೇ ಒಡೆದು ಇಳಿಯಿತು, ಹೆಸರು ಉಂಗುರಕ್ಕೆ ಬಂತು. ಎರಡನೇ ಸಲ ಅದೇ ಜಾಗದಲ್ಲಿ ನೋವೇ ಇಲ್ಲದ ಗಟ್ಟಿ ಗಂಟು. ಉಂಗುರ ಸೋತಿತು. ಕೇರಿಯ ಆರೋಗ್ಯ ಕೇಂದ್ರದ ನರ್ಸ್ ಎಡಿಲ್ಜಾ ಚೆನ್ನಾಗಿ ಬೈದಳು.

“ಉಂಗುರಾನ ಬೆರಳಿಗೆ ಹಾಕ್ಕೊಳ್ಳಿ ದೋನಾ ಒಸ್ಮರೀನಾ. ವಾಸಿ ಮಾಡೋದು ಚಿನ್ನ ಅಲ್ಲ, ಕಾವು. ಶುದ್ಧ ಬಟ್ಟೆ ಬಿಸಿನೀರಲ್ಲಿ ಅದ್ದಿ ಹಿಂಡಿ, ಸುಡದಷ್ಟು ಬಿಸಿ ಇರೋವಾಗ ಹತ್ತು ನಿಮಿಷ ರೆಪ್ಪೆ ಮೇಲಿಡಿ. ದಿನಕ್ಕೆ ನಾಲ್ಕು ಸಲ. ಹಿಸುಕಿಗಿಸುಕಿ ಬಂದ್ರೆ ನನ್ನ ಬಾಗಿಲು ತುಳೀಬೇಡಿ.”

ತಿಂಗಳೊಪ್ಪತ್ತಿನಲ್ಲಿ ಅದೂ ಕರಗಿತು. ಮೂರನೇ ಸಲವೂ ಅದೇ ಜಾಗ. ಈ ಬಾರಿ ಬಣ್ಣ ಹಳದಿ, ಅದರ ಅಂಚಿನ ನಾಲ್ಕು ರೆಪ್ಪೆಗೂದಲು ಉದುರಿದ್ದವು. ಎಡಿಲ್ಜಾ ಬೈಯಲಿಲ್ಲ. ಅವಳು ಬೈಯದಿದ್ದದ್ದೇ ನನಗೆ ಭಯ ಹುಟ್ಟಿಸಿತು.

“ದೋನಾ, ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದು, ಕೂದ್ಲೂ ಉದುರಿದ್ರೆ, ಅದನ್ನ ಬರೀ ಕುರು ಅನ್ಕೊಂಡು ಕೂರಬಾರ್ದು. ಚೂರು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಏನೂ ಇಲ್ದೇನೂ ಇರ್ಬೋದು. ಕೆಟ್ಟದ್ದೇ ಆಗಿದ್ರೆ, ಬೇಗ ಸಿಕ್ರೆ ರೆಪ್ಪೆಯ ಅಂಚಷ್ಟೇ ಹೋಗುತ್ತೆ. ತಡ ಆದ್ರೆ ಕಣ್ಣು ಹೋಗುತ್ತೆ, ಅದರಾಚೆಗಿಂದು ನಾನು ಹೇಳಲ್ಲ.”

ಅವಳು ಹೇಳದೆ ಬಿಟ್ಟದ್ದು ನನಗೆ ಅರ್ಥವಾಯಿತು. ಇದನ್ನೆಲ್ಲ ಚೀಟಿಯಲ್ಲಿ ಬರೆದು, ಡಾಕ್ಟರ ರುಜು ಹಾಕಿಸಿ, ‘ತುರ್ತು’ ಎಂದು ಕೆಂಪು ಗೆರೆ ಎಳೆದು ತಮ್ಮ ಕಚೇರಿಗೆ ಕಳಿಸಿದಳು. ಆಗ ಅರ್ಧ ಮೆಕ್ಕೆಜೋಳದ ಕಾಳಿನಷ್ಟಿದ್ದದ್ದು ಈಗ ಇಡೀ ಕಾಳಾಗಿದೆ.

ಏಳು ತಿಂಗಳಲ್ಲಿ ತಮ್ಮ ಕಿಟಕಿಯಲ್ಲಿ ನನಗೆ ಸಿಕ್ಕ ಉತ್ತರ ಒಂದೇ, ‘ಕಾಯಿರಿ’. ನಿಜ ಗೊತ್ತಾದದ್ದು ನನ್ನ ಮಡಕೆಯ ಮುಂದೆ. ಕಳೆದ ವಾರ ತಮ್ಮ ಕಚೇರಿಯಲ್ಲಿ ಕೆಲಸ ಮಾಡುವ ಒಬ್ಬ ತುಂಬು ಬಸುರಿ ರಸ್ತೆ ದಾಟಿ ಆಚೆ ಹೋಗದೆ ನೇರ ನನ್ನ ಹತ್ತಿರವೇ ಬಂದಳು. ಸೊಪ್ಪು ಜಾಸ್ತಿ ಕೇಳಿದಳು, ಹಾಕಿದೆ. ಇನ್ನೊಂದು ಬುರುಡೆ ಕೇಳಿದಳು, ಕೊಟ್ಟೆ. ಅದನ್ನು ಕುಡಿಯುತ್ತ ಅಳತೊಡಗಿದಳು.

“ನಿಮ್ಮ ಚೀಟಿ ನಾನೇ ನೋಡಿದೀನಿ ದೋನಾ. ಮೊದಲನೇ ಸಾಲಲ್ಲಿ ‘ಹಳದಿ ಗಂಟು’ ಅಂತಿತ್ತು. ಹಳದಿ ಅಂದ್ರೆ ಕೊಬ್ಬಿನ ಕಲೆ, ಸೌಂದರ್ಯದ ಸಾಲಿಗೆ ಹಾಕು ಅಂದ್ರು ಸಾಹೇಬ್ರು. ಕೆಳಗಿಂದು ಓದ್ಲೇ ಇಲ್ಲ. ಆ ಸಾಲು ಒಂದು ಹೆಜ್ಜೆ ಮುಂದಕ್ಕೆ ಹೋಗಿದ್ದು ನಾನಂತೂ ನೋಡಿಲ್ಲ.”

“ಅಳ್ಬೇಡ ಮಗಳೇ, ಸಾರು ಉಪ್ಪಾಗುತ್ತೆ” ಎಂದೆ. ಅವಳು ಯಾರೆಂದು ಹುಡುಕಲು ಹೋಗಬೇಡಿ. ತಮ್ಮ ಕಚೇರಿಯಲ್ಲಿ ಬಸುರಿಯರು ನಾಲ್ವರಿದ್ದಾರೆ, ನಾಲ್ವರೂ ನನ್ನ ಗಿರಾಕಿಗಳೇ.

ಕೊಬ್ಬಿನ ಹಳದಿ ಕಲೆ ಹೇಗಿರುತ್ತದೆಂದು ನನಗೆ ಗೊತ್ತು ಮಾನ್ಯರೇ. ಕ್ರಿಸಾಂತೋನ ಎರಡೂ ಕಣ್ಣಿನ ಒಳಮೂಲೆಯಲ್ಲಿ ಅದಿದೆ, ಚಪ್ಪಟೆ, ಮೆತ್ತಗೆ, ವರ್ಷಗಳಿಂದ ಇದ್ದಲ್ಲೇ ಇದೆ. ಅದನ್ನು ತೆಗೆಸುವುದು ಬಿಡುವುದು ಅವನಿಷ್ಟ. ಆದರೆ ಎಡಿಲ್ಜಾ ಅವನ ರಕ್ತ ಪರೀಕ್ಷೆ ಮಾಡಿಸಿದಾಗ ಅದರಲ್ಲಿ ಕೊಬ್ಬು ಮಿತಿಮೀರಿತ್ತು. ಈಗ ಮಾತ್ರೆ ನುಂಗುತ್ತಾನೆ, ಕರಿದ ಮೀನಿನ ಕಡೆ ನೋಡಿ ನಿಟ್ಟುಸಿರು ಬಿಡುತ್ತಾನೆ. ತಾವು ಸೌಂದರ್ಯವೆಂದು ತಳ್ಳುವ ಸಾಲಿನಲ್ಲೂ ಎದೆನೋವು ಕಾದು ಕೂತಿರಬಹುದು. ನನ್ನದು ಅದೂ ಅಲ್ಲ. ನನ್ನದು ಗಟ್ಟಿ, ಬೆಳೆಯುತ್ತಿದೆ, ಕೂದಲು ತಿನ್ನುತ್ತಿದೆ. ಇದನ್ನು ತಿಳಿಯಲು ವೈದ್ಯಶಾಸ್ತ್ರ ಓದಬೇಕಿರಲಿಲ್ಲ, ಚೀಟಿಯ ಎರಡನೇ ಸಾಲು ಓದಿದ್ದರೆ ಸಾಕಿತ್ತು.

ನಾನು ಹಳದಿಯ ಕಸುಬಿನವಳು. ಕಹಿ ಮರಗೆಣಸನ್ನು ಹಿಂಡಿದಾಗ ಬರುವ ರಸ ಹಳದಿ, ಅದು ವಿಷ. ಗಂಟೆಗಟ್ಟಲೆ ಕುದಿಸಿದ ಮೇಲೂ ಅದು ಹಳದಿಯೇ, ಆಗ ಅನ್ನ. ಬಣ್ಣ ನೋಡಿ ಸಾರು ಬಡಿಸಿದ್ದರೆ ಮೂವತ್ತೊಂದು ವರ್ಷದಲ್ಲಿ ಅರ್ಧ ಊರನ್ನು ಮಣ್ಣು ಮಾಡಿರುತ್ತಿದ್ದೆ, ತಾವು ನನ್ನನ್ನು ಜೈಲಿಗೆ ಕಳಿಸುತ್ತಿದ್ದಿರಿ. ಬಣ್ಣ ನೋಡಿ ರೋಗಿಗಳನ್ನು ಸಾಲಿಗೆ ಹಚ್ಚುವ ತಮ್ಮನ್ನು ಎಲ್ಲಿಗೆ ಕಳಿಸಬೇಕು?

ನನಗೆ ಭಯವಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಬೆಳಿಗ್ಗೆ ಎದ್ದು ಮೊದಲು ಬಲಗಣ್ಣು ಮುಚ್ಚಿ ಎಡಗಣ್ಣಿನಿಂದ ಗೋಡೆ ನೋಡುತ್ತೇನೆ. ಆದರೆ ಭಯಪಟ್ಟವಳು ಬಾಯಿ ಮುಚ್ಚಿಕೊಂಡಿರಬೇಕೆಂದು ಯಾವ ಸುತ್ತೋಲೆಯಲ್ಲೂ ಬರೆದಿಲ್ಲ. ಈ ಸೋಮವಾರದೊಳಗೆ ನನ್ನ ಗಂಟಿನ ಚೂರು ತೆಗೆದು ಪರೀಕ್ಷಿಸಲು ದಿನ ಗೊತ್ತುಮಾಡಿ. ಆ ಸೌಂದರ್ಯದ ಕಡತ ತೆಗೆದು, ಒಬ್ಬ ಡಾಕ್ಟರನ್ನು ಕೂರಿಸಿ, ಪ್ರತಿ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದಿಸಿ. ಅದರೊಳಗೆ ಇನ್ನೆಷ್ಟು ಕಣ್ಣುಗಳಿವೆಯೋ ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಆಗದಿದ್ದರೆ ಸೋಮವಾರ ಸಂಜೆ ನಾಲ್ಕಕ್ಕೆ ನನ್ನ ಮಡಕೆ ತಮ್ಮ ಕಚೇರಿಯ ಬಾಗಿಲಲ್ಲಿರುತ್ತದೆ, ದಿನ ಸಿಗುವವರೆಗೂ ಅಲ್ಲೇ ಇರುತ್ತದೆ. ಸಾಲಿನಲ್ಲಿ ನಿಂತ ಬಸುರಿಯರಿಗೆಲ್ಲ ಒಂದೊಂದು ಬುರುಡೆ ಪುಕ್ಕಟೆ. ತಮಗೂ ಒಂದು ಕೊಡುತ್ತೇನೆ, ಇಲ್ಲ ಎನ್ನುವ ಅಭ್ಯಾಸ ನನಗಿಲ್ಲ. ಸಾರು ಹಳದಿಯಾಗಿರುತ್ತದೆ. ತುಟಿಗೆ ತಾಗಿಸುವ ಮುನ್ನ ತಾವು ಕೇಳೇ ಕೇಳುತ್ತೀರಿ, “ಕುದಿಸಿದೀಯೇನಮ್ಮ, ಸರಿಯಾಗಿ ನೋಡಿದೀಯಾ?” ಎಂದು. ನನ್ನ ಕಣ್ಣಿಗಾಗಿ ನಾನು ಏಳು ತಿಂಗಳಿಂದ ಬೇಡುತ್ತಿರುವುದು ಆ ಒಂದು ಪ್ರಶ್ನೆಯನ್ನೇ.

ಇಂತಿ,
ಬಂದರು ಬೀದಿಯ ಮೂಲೆಯಿಂದ, ಸದ್ಯಕ್ಕೆ ಎರಡೂ ಕಣ್ಣಿರುವ,
ತಮ್ಮ ಕಡತದ ಪ್ರಕಾರ ಸುಂದರಿಯಾದ
ಒಸ್ಮರೀನಾ ತವಾರೆಸ್ ದೊ ಕೌತೊ