ನಾನು ಹೇಳದ ಧನ್ಯವಾದ

ಶೃಂಗಸಭೆಗೆ ಜನರ ದನಿ ಕಳಿಸುವ ಅಧಿಕಾರಿಗಳೇ,

ಸಹಿ ಯಾರದೆಂದು ನೋಡಿ ಕಾಗದವನ್ನು ಕಡತಕ್ಕೆ ತುರುಕುವ ಚಾಳಿ ನಿಮಗಿದ್ದರೆ ಇವತ್ತೊಂದು ದಿನ ಬಿಡಿ. ನೆಟ್ಟಗೆ ಕೂತು ಪೂರ್ತಿ ಓದಿ. ನಾನು ಆಡದ ಮಾತನ್ನು ನನ್ನದೆಂದು ಪ್ರಪಂಚಕ್ಕೆಲ್ಲ ಸಾರಿದ್ದೀರಿ. ಅದರಿಂದ ನಮ್ಮೂರಿಗೆ ಆನೆ ಬಾರದಂತೆ ತಡೆಯುವ ಕಂದಕದ ಕೆಲಸ ನಿಂತಿದೆ.

ಕಳೆದ ತಿಂಗಳು ಯಾವುದೋ ದೇಶದಲ್ಲಿ ಕಾಡಂಚಿನ ಜನರ ಬಗ್ಗೆ ದೊಡ್ಡ ಸಭೆಯಂತೆ. ‘ನಾಗರಿಕ ಸಮಾಜದ ಸಹಭಾಗಿತ್ವ’ ಬೇಕೆಂದು ನಿಮ್ಮವರು ಜೀಪು ತಂದರು. “ಅಜ್ಜಿ, ರೇಷ್ಮೆ ಸೀರೆ ಉಟ್ಕೊಳ್ಳಿ, ಟೀವೀಲಿ ಚೆನ್ನಾಗ್ ಕಾಣ್ತೀರಾ” ಎಂದರು. “ನನ್ನ ನೋಡಾಕೆ ಗಂಡಿನ ಕಡೇರು ಬತ್ತಾವ್ರಾ?” ಎಂದು ತೋಟದ ಸೀರೆಯಲ್ಲೇ ಹೊರಟೆ. ಸೋಮವಾರಪೇಟೆಯ ಸಭಾಂಗಣದಲ್ಲಿ ಪರದೆಯ ಮುಂದೆ ಕೂರಿಸಿ ಮೂರು ನಿಮಿಷ ಕೊಟ್ಟರು.

ನಾನು ಹೇಳಿದ್ದು ಇಷ್ಟು. ತೋಟದಂಚಿನ ಕಂದಕ ಎರಡು ಮಳೆಗಾಲದ ಹಿಂದೆಯೇ ಕುಸಿಯಿತು. ಮಣ್ಣು ತುಂಬಿದ ಆ ಜಾಗದಲ್ಲೇ ಆನೆ ದಾಟಿ ಬಂದು, ಕಾಫಿ ಕೊಯ್ಯುತ್ತಿದ್ದ ನನ್ನ ಮೈದುನ ಸಣ್ಣಸ್ವಾಮಿಯನ್ನು ತುಳಿದು ಕೊಂದಿತು. ಆನೆಯ ಮೇಲೆ ನನಗೆ ಸಿಟ್ಟಿಲ್ಲ. ಕಂದಕ ಸರಿಮಾಡಿಸಿ ಎಂಬ ನಮ್ಮ ಅರ್ಜಿಯ ಮೇಲೆ ಕೂತದ್ದು ಅದಲ್ಲ, ನಮ್ಮ ಅಧಿಕಾರಿಗಳು.

ನಿಮ್ಮ ದುಭಾಷಿ ಇದನ್ನೆಲ್ಲ ಇಂಗ್ಲಿಷಿನ ಎರಡು ವಾಕ್ಯದಲ್ಲಿ ಮುಗಿಸಿದರು. ಪರದೆಯಲ್ಲಿದ್ದವರು ನಗುನಗುತ್ತಾ ಚಪ್ಪಾಳೆ ತಟ್ಟಿದರು. ಸಾವಿನ ಸುದ್ದಿಗೆ ಚಪ್ಪಾಳೆಯೇ? ಅವರ ದೇಶದ ಪದ್ಧತಿಯಿರಬೇಕು ಎಂದು ನಾನೂ ಕೈ ಮುಗಿದೆ, ದಡ್ಡಿ.

ಮೊಮ್ಮಗಳು ದಿವ್ಯಶ್ರೀ ಮೊಬೈಲಿನಲ್ಲಿ ಆ ಸಭೆಯ ವಿಡಿಯೊ ನೋಡಿ ಹಣೆ ಚಚ್ಚಿಕೊಂಡಳು. “ಅಜ್ಜಿ, ಆನೆ ಜೊತೆ ಸುಖವಾಗಿದೀವಿ, ಸರ್ಕಾರಕ್ಕೆ ಥ್ಯಾಂಕ್ಸು ಅಂತ ನೀನಂದೆ ಅಂತ ಇಂಗ್ಲಿಷಲ್ಲಿ ಹೇಳವ್ರೆ ಕಣಜ್ಜಿ!”

ಹೋದ ವಾರ ಕಂದಕದ ಅರ್ಜಿ ವಾಪಸು ಬಂತು. ‘ಸ್ಥಳೀಯರು ಆನೆಗಳೊಂದಿಗಿನ ಸಹಬಾಳ್ವೆಯನ್ನು ಜಾಗತಿಕ ವೇದಿಕೆಯಲ್ಲಿ ಸ್ವಾಗತಿಸಿರುವುದರಿಂದ ಕಂದಕದ ಅಗತ್ಯ ಕಂಡುಬರುವುದಿಲ್ಲ.’ ಅರ್ಜಿ ಹಾಕಿದ್ದವಳು ಸಣ್ಣಸ್ವಾಮಿಯ ಮಗಳು ಮಾನಸ. ಆ ಕಾಗದ ಹಿಡಿದು ನನ್ನ ಬಾಗಿಲಿಗೆ ಬಂದಳು.

“ದೊಡ್ಡಮ್ಮ, ಹಿಂಗಂದ್ಯಾ ನೀನು?”

ಎಂಥ ಸಹಭಾಗಿತ್ವ ಸ್ವಾಮಿ! ಲೋಕವೆಲ್ಲ ನನ್ನ ಮಾತು ಕೇಳಿತಂತೆ. ನನ್ನ ಮನೆಯ ಹುಡುಗಿ ಮಾತ್ರ ನನ್ನ ಮಾತು ನಂಬುತ್ತಿಲ್ಲ. ಜನರ ಮಾತು ಬೇಡವಾಗಿದ್ದರೆ ಗೋಡೆಗೆ ನನ್ನದೊಂದು ಪಟ ತೂಗುಹಾಕಬಹುದಿತ್ತು. ಜೀಪಿನ ಡೀಸೆಲಾದರೂ ಉಳಿಯುತ್ತಿತ್ತು.

ನಾನು ಆಡಿದ ಮಾತನ್ನು ಒಂದಕ್ಷರ ಬಿಡದೆ ಆ ಸಭೆಗೆ ಬರೆದು ಕಳಿಸಿ. ಅದರ ಪ್ರತಿಯನ್ನು ಮಾನಸಳಿಗೆ ಕೊಡಿ. ಕಂದಕದ ಅರ್ಜಿಯನ್ನು ಮತ್ತೆ ತೆರೆಸಿ. ಮುಂದಿನ ತಿಂಗಳು ಕೊಯ್ಲು ಶುರು. ಅಪ್ಪ ಬಿದ್ದ ಕಾಫಿ ಗಿಡದ ಸಾಲಿನಲ್ಲೇ ಅವಳು ಚೀಲ ಕಟ್ಟಿಕೊಂಡು ನಿಲ್ಲಬೇಕು. ತಿಂಗಳು ಹುಟ್ಟುವ ಮುಂಚೆ ಉತ್ತರ ಬರೆಯಿರಿ.

ಇಂತಿ,
ಮೂರು ನಿಮಿಷದ ಪ್ರತಿನಿಧಿ
ವಿಶಾಲಾಕ್ಷಮ್ಮ, ಹಾರಂಗಿ ಹಿನ್ನೀರಿನಂಚಿನ ಊರು