ಸುರಂಗದ ಬಾಗಿಲಿನ ಹಲಗೆ

ಕ್ರಿ.ಶ. ೨೨೭೪, ಎರಡನೆಯ ಬೇಸಿಗೆಯ ನಲವತ್ತೊಂದನೆಯ ದಿನ
ಬೆಳಕುಂಗುರ, ಸಂಡೂರು ಗುಡ್ಡ

ಸಿಂಕ್ರೊಟ್ರಾನನ್ನು ಮೇಲ್ದರ್ಜೆಗೇರಿಸಲು ಹೊರಟಿರುವ ಹಿರಿಯ ಎಂಜಿನಿಯರುಗಳೇ,

ಈ ತಾರೀಖು ನಿಮಗೆ ಅಸಂಬದ್ಧ ಅನಿಸಬಹುದು. ನಮಗೀಗ ವರ್ಷಕ್ಕೆ ಎರಡು ಬೇಸಿಗೆ. ಕಾಗದವನ್ನು ಮರುಗಿರಣದಲ್ಲಿ, ಅಂದರೆ ಕಾಲದಲ್ಲಿ ಹಿಂದಕ್ಕೆ ಹರಿಯುವ ಬೆಳಕಿನಲ್ಲಿ, ಕಳಿಸುತ್ತಿದ್ದೇನೆ. ವಿಚಿತ್ರ ಪದಗಳಿಗೆ ಕ್ಷಮೆಯಿರಲಿ. ನನ್ನ ಸಿಟ್ಟಿಗೆ ಮಾತ್ರ ಕ್ಷಮೆ ಕೇಳುವುದಿಲ್ಲ.

ನೀವು ಕಟ್ಟಿದ ಯಂತ್ರ ಇನ್ನೂ ಓಡುತ್ತಿದೆ. ನಾವು ಅದನ್ನು ಬೆಳಕುಂಗುರ ಎನ್ನುತ್ತೇವೆ. ಎಲೆಕ್ಟ್ರಾನುಗಳು ಸುರಂಗದಲ್ಲಿ ಸುತ್ತುತ್ತ ಚೆಲ್ಲುವ ಎಕ್ಸ್-ಕಿರಣದಲ್ಲಿ ಜೋಳದ ಕಾಳಿನ ಒಳಗೆ ಇಣುಕಿ, ಕಾಳನ್ನು ಕಪ್ಪು ಪುಡಿ ಮಾಡುವ ಕಾಡಿಗೆ ರೋಗಕ್ಕೆ ಮದ್ದು ಹುಡುಕುತ್ತೇವೆ. ಇಲ್ಲಿ ಅರವತ್ತು ಮನೆಗಳಿವೆ. ನಮ್ಮ ಊಟ, ಮದುವೆ, ಜಗಳ ಎಲ್ಲ ಕಿರಣ ನಿಂತ ಮೇಲೆಯೇ. ಸರದಿ ಮುಗಿಸಿದ ಹೆಂಗಸರು ತಣ್ಣೀರಿನ ಕೊಳವೆಗೆ ಬೆನ್ನು ಕೊಟ್ಟು ತಲೆ ಬಾಚಿಕೊಳ್ಳುತ್ತಾರೆ. ಕಾದಾಟ ಹುಟ್ಟಿದ್ದೂ ಆ ಕೊಳವೆಯಿಂದಲೇ. ಉಂಗುರ ತಣ್ಣಗಿರಲು ಕೆರೆಯ ನೀರು ಬೇಕು. ಗುಡ್ಡದ ಬುಡದ ಕೆಳಗಿನೂರಿಗೆ ಕುಡಿಯಲೂ ಅದೇ ನೀರು. ಮದ್ದು ಸಿಕ್ಕರೆ ಎಲ್ಲರಿಗೂ ಜೋಳ ಎಂದು ಆರು ವರ್ಷ ಹೇಳಿದೆವು. ಅವರಿಗೆ ರೋಸಿಹೋಯಿತು.

ಹೋದ ತಿಂಗಳು ಮಟಮಟ ಮಧ್ಯಾಹ್ನ ಇನ್ನೂರು ಜನ ಗುಂಡುಕಲ್ಲು, ದೊಣ್ಣೆ ಹಿಡಿದು ನುಗ್ಗಿದರು. ಕಾವಲಿನ ಹಂಪಯ್ಯನ ತಲೆ ಬಾಗಿಲಲ್ಲೇ ಒಡೆದುಹೋಯಿತು. ನಾವೂ ಸುಮ್ಮನಿರಲಿಲ್ಲ, ಉಂಗುರವನ್ನು ತಣಿಸಿ ಕುದಿಯುತ್ತ ಹೊರಬರುವ ನೀರಿನ ಕೊಳವೆ ಬಿಚ್ಚಿ ಅವರ ಮುಖಕ್ಕೆ ತಿರುಗಿಸಿದೆವು. ಚರ್ಮ ಸುಲಿದು ಅರಚಿದವರಲ್ಲಿ ನನಗೆ ಗುರುತಿನವರೂ ಇದ್ದರು.

ಸುರಂಗದ ಬಾಗಿಲಲ್ಲಿ ನಿಮ್ಮ ಕಾಲದ ಹಲಗೆಯಿದೆ: 'ವಿದ್ಯುತ್ ತೆಗೆದ ಮೇಲೆ ಒಳಗೆ ಅಪಾಯವಿಲ್ಲ.' ಅದನ್ನು ನಂಬಿ ಕರೆಂಟು ತೆಗೆದೆ. ನನ್ನ ತಂಗಿ ಸುಂಕಮ್ಮನ ಮುಂಗೈಗೆ, ಜಾರದಿರಲೆಂದು, ಮಚ್ಚು ಬಿಗಿದು ಕಟ್ಟಿ, "ಒಳಗ ಹೋಗಿ ಕುಂದ್ರು, ಏನೂ ಆಗಂಗಿಲ್ಲ" ಎಂದು ತಳ್ಳಿದೆ.

ಆ ಹಲಗೆ ಎಲೆಕ್ಟ್ರಾನುಗಳನ್ನು ಬಾಗಿಸುತ್ತಿದ್ದ ಹಳೆಯ ವಿದ್ಯುತ್ಕಾಂತಗಳ ಕಾಲದ್ದು. ಕರೆಂಟು ಹೋದರೆ ಅವು ಬರೀ ಕಬ್ಬಿಣ. ನೀವು ಅವನ್ನು ಕಿತ್ತು, ಕರೆಂಟೇ ಬೇಡದ ಶಾಶ್ವತ ಕಾಂತಗಳನ್ನು ಕೂರಿಸಿದಿರಿ. ಹಲಗೆ ಹಾಗೇ ಉಳಿಯಿತು. ಅವುಗಳ ಸೆಳೆತವನ್ನು ತಡೆಯುವ ಹೊದಿಕೆ ಬಿಚ್ಚುವ ಪ್ರಮೇಯವೇ ಬರಲಿಲ್ಲವಾದ್ದರಿಂದ ನಮಗೂ ಗೊತ್ತಾಗಲಿಲ್ಲ. ಅಂದು ಇನ್ನೊಂದು ಬಾಗಿಲಿನಿಂದ ನುಗ್ಗಿದವರು ಕಲ್ಲಿನಿಂದ ಹೊದಿಕೆ ಒಡೆದುಹಾಕಿದ್ದರು.

ಚೀರಾಟ ಕೇಳಿ ಓಡಿದೆ. ಮಚ್ಚು ಕಾಂತಕ್ಕೆ ಕಚ್ಚಿಕೊಂಡಿತ್ತು. ನಡುವೆ ಸುಂಕಮ್ಮನ ಕೈ ಜಜ್ಜಿಹೋಗಿತ್ತು. ಕೆಳಗಿನೂರಿನ ಗಾದಿಲಿಂಗ ಅವಳ ಮೇಲೆ ಬಾಗಿ ತೋಳು ಹಿಡಿದು ಎಳೆಯುತ್ತಿದ್ದ. ಬಿದ್ದಿದ್ದ ಕಲ್ಲು ಎತ್ತಿ ಅವನ ತಲೆಗೆ ಹೊಡೆದೆ. ಮೂರು ಸಲ. "ಹೊಡೀಬ್ಯಾಡಕ್ಕಾ, ಬಿಡ್ಸಾಕ ಬಂದಾನ!" ಎಂದು ಅವಳು ಮೊದಲ ಏಟಿಗೇ ಕೂಗಿದ್ದಳು.

ಗಾದಿಲಿಂಗ ಅಲ್ಲೇ ಸತ್ತ. ಸುಂಕಮ್ಮ ಬದುಕಿದ್ದಾಳೆ. ಈಗ ಕೆಳಗಿನೂರಿನಲ್ಲಿ ಅವನ ಮಕ್ಕಳಿಗೆ ಒಂದೇ ಕೈಯಲ್ಲಿ ರೊಟ್ಟಿ ತಟ್ಟುತ್ತಾಳೆ. ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಅವಳದು ತಪ್ಪು ಎನ್ನಲಾರೆ.

ನಿಮ್ಮಲ್ಲಿ ಬೇಡುವುದು ಇಷ್ಟೇ: ಕಾಂತ ಬದಲಿಸುವ ದಿನ ಹಲಗೆಯನ್ನೂ ಬದಲಿಸಿ. ನನ್ನ ತಂಗಿಯ ಕೈ ಉಳಿದೀತು. ನಿಮ್ಮನ್ನು ಬಾಯಿಗೆ ಬಂದಂತೆ ಬೈಯಬೇಕೆಂದೇ ಬರೆಯಲು ಕೂತಿದ್ದೆ. ಮೊದಲ ಏಟನ್ನು ನಿಮ್ಮ ಲೆಕ್ಕಕ್ಕೆ ಹಾಕಿದ್ದೇನೆ. ಎರಡನೆಯದನ್ನು ಹೊಡೆಯುವಾಗ ಅವಳ ಕೂಗು ನನಗೆ ಕೇಳಿಸಿತ್ತು.

ದುರುಗಮ್ಮ