ಪಕ್ಕಕ್ಕಿಟ್ಟ ಹನ್ನೆರಡು ಹಾಳೆ

ಗೋಣಿಬೀಡಿನ ನನ್ನ ದೊಡ್ಡಮ್ಮನಿಗೆ,

ನಿಮ್ಮ ಮೂತ್ರಪಿಂಡ ಕೆಡುತ್ತಿದೆ ಎಂಬ ಸುಳಿವು ನೀವು ತೀರಿಕೊಳ್ಳುವ ಎರಡು ವರ್ಷ ಮೊದಲೇ ಒಂದು ಹಾಳೆಯ ಮೇಲಿತ್ತು. ನಿಮಗೆ ಯಾರೂ ಹೇಳಲಿಲ್ಲ. ಇದು ಅನ್ಯಾಯ. ಇದರಲ್ಲಿ ನನ್ನ ಪಾಲೂ ಇದೆ.

ಶಾಲೆಯ ಜಗಲಿಯಲ್ಲಿ ಸಕ್ಕರೆ ಕಾಯಿಲೆಯವರ ಶಿಬಿರ ನಡೆದ ಬೆಳಿಗ್ಗೆ ನೆನಪಿದೆಯೇ? ಮೂತ್ರ ಕೊಟ್ಟು ನೀವೆಲ್ಲ ಸಾಲಿನಲ್ಲಿ ಕೂತಿದ್ದಿರಿ. ಸಂಶೋಧನೆಗೆಂದು ಬಂದಿದ್ದ ಡಾಕ್ಟರಮ್ಮ ವಿವರಿಸುತ್ತಿದ್ದರು. ರಕ್ತದಲ್ಲಿ ಸಕ್ಕರೆ ಏರಿಯೇ ಇದ್ದರೆ ಆಮ್ಲಜನಕದ ಕೆಲವು ಪುಂಡ ಕಣಗಳು ಹೆಚ್ಚಿ ಜೀವಕೋಶದ ಕೊಬ್ಬನ್ನು ಕೆಡಿಸುತ್ತವಂತೆ. ಆ ಕೇಡಿನ ಗುರುತುಗಳು ರಕ್ತದಲ್ಲಿ ಸಿಗುತ್ತವಂತೆ. ಮೂತ್ರಪಿಂಡ ಸೋಲುವ ಮೊದಲೇ ಅವು ಎಚ್ಚರಿಸಬಲ್ಲವೇ ಎಂದು ನೋಡಲು ಅವರು ಬಂದಿದ್ದರು. ನೀವೋ, ಮೂವತ್ತು ವರ್ಷ ಅಂಗಡಿಯಲ್ಲಿ ಎಣ್ಣೆ ಅಳೆದವರು.

"ಕೊಬ್ರಿ ಎಣ್ಣೆ ಕಮಟು ಹಿಡ್ದ ಹಾಗೆ ಅನ್ನಿ."

"ಅದೇ ಅಮ್ಮಾ, ಸರಿಯಾಗಿ ಅದೇ!" ಎಂದು ಅವರು ನಕ್ಕರು. ನಾನು ಓದಿದ ಯಾವ ಕಿರುಹೊತ್ತಗೆಯೂ ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ರಕ್ತ ಕೊಡಲು ನೀವು ಕೈ ಚಾಚುವ ಮುಂಚೆ ಅವರು ಕೇಳಿದರಲ್ಲ, ಖಾಲಿ ಹೊಟ್ಟೆಯೇ ಎಂದು. "ಹೌದಮ್ಮ, ಏನೂ ತಿಂದಿಲ್ಲ. ಕಾಫಿ ಒಂದು ಲೋಟ ಅಷ್ಟೆ. ಅದೂ ಬೆಲ್ಲದ್ದು." ನಮ್ಮ ಕಡೆ ಕಾಫಿಯನ್ನು ಯಾರು ತಿಂಡಿ ಅನ್ನುತ್ತಾರೆ? ನಿಮ್ಮ ಹಿಂದಿದ್ದ ಹನ್ನೊಂದು ಜನರೂ ಕಾಫಿ ಕುಡಿದೇ ಬಂದಿದ್ದರು. ಶಿಬಿರದ ಕರಪತ್ರ ಬರೆದವಳು ನಾನು. 'ಏನೂ ತಿನ್ನದೆ ಬನ್ನಿ' ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಕಾಫಿಯ ಮಾತು ನನಗೆ ಹೊಳೆದೇ ಇರಲಿಲ್ಲ. ಖಾಲಿ ಹೊಟ್ಟೆಯ ರಕ್ತವೇ ಬೇಕಿದ್ದರಿಂದ, ಮೂತ್ರದ ಫಲಿತಾಂಶ ಬರೆದಿದ್ದ ನಿಮ್ಮ ಹನ್ನೆರಡೂ ಜನರ ಹಾಳೆ ಪಕ್ಕಕ್ಕೆ ಹೋಯಿತು. "ಒಳ್ಳೇದೇ ಆಯ್ತು ಮಾರಾಯ್ತಿ, ಸೂಜಿ ತಪ್ತು," ಎಂದು ನೀವು ಚಪ್ಪಲಿ ಮೆಟ್ಟಿ ಹೊರಟಿರಿ.

ಶಿಬಿರದ ಮರುವರ್ಷ ನಿಮ್ಮ ಕಾಲು ಬಾತದ್ದನ್ನು ನಾನು ಮೊದಲು ಕಂಡದ್ದು ಅಂಗಡಿಯಲ್ಲೇ. ಔಷಧ ಕಂಪನಿಗಳ ಮೋಸದ ಬಗ್ಗೆ ನಿಮಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. "ನಿನ್ನ ಕ್ರಾಂತಿ ಆಮೇಲೆ ಮಾಡು, ಮೊದ್ಲು ಆ ಬೇಳೆ ಕಟ್ಟು," ಎಂದಿರಿ. ಕಾಲೇಕೆ ಹೀಗೆ ಎಂದದ್ದಕ್ಕೆ, "ದಿನಾ ನಿಂತ್ರೆ ಬಾತ್ಕೊಳ್ದೆ ಇರುತ್ತಾ?" ಎಂದಿರಿ. ನಾನು ನಂಬಿದೆ. ಜಗತ್ತನ್ನೆಲ್ಲ ಪ್ರಶ್ನಿಸುವವಳು ಅದೊಂದನ್ನು...

ಹೋದ ವಾರ ಡಾಕ್ಟರಮ್ಮನನ್ನು ಹುಡುಕಿಕೊಂಡು ಹೋದೆ. ಜಗಳಕ್ಕೇ ಹೋಗಿದ್ದೆ. ಅವರು ಬೀರುವಿನಿಂದ ಆ ಹನ್ನೆರಡು ಹಾಳೆಗಳ ಕಟ್ಟು ತೆಗೆದು ನಿಮ್ಮ ಹಾಳೆ ಬಿಡಿಸಿದರು. ಮೂತ್ರದಲ್ಲಿ ಪ್ರೋಟೀನ್, ಎರಡು ಪ್ಲಸ್: ಮೂತ್ರಪಿಂಡ ಸೋರುತ್ತಿರುವ ಗುರುತು. ಹಾಳೆಯನ್ನು ನನ್ನತ್ತ ತಿರುಗಿಸಿದರು. "ರಕ್ತದಲ್ಲಿ ಸೂಕ್ಷ್ಮ ಗುರುತು ಹುಡುಕ್ತಾ ಕೂತೆ. ಕಣ್ಣೆದುರಿನ ಗುರುತನ್ನ ಹೇಳ್ಲಿಲ್ಲ. ತಪ್ಪು ನನ್ನದು." ಕೂಗಾಡಬೇಕೆಂದು ತೆರೆದ ನನ್ನ ಬಾಯಿಂದ ಬಂದದ್ದು, "ನನ್ನದೂ."

ದೊಡ್ಡಮ್ಮ, ಆ ಕಟ್ಟಿನಲ್ಲಿ ಇನ್ನೂ ಮೂವರ ಹಾಳೆಗಳಲ್ಲಿ ಅದೇ ಗುರುತಿದೆ. ಒಂದು ನನ್ನ ಅಮ್ಮನದು. ನಿಮ್ಮ ತಂಗಿಯದು. ಈಗಲಾದರೂ ಸಕ್ಕರೆ, ಬಿಪಿ ಹಿಡಿತಕ್ಕೆ ತಂದರೆ ಹಾನಿಯನ್ನು ನಿಧಾನಗೊಳಿಸಬಹುದು, ಆದರೆ ಮತ್ತೆ ಪರೀಕ್ಷಿಸದೆ ಏನೂ ಹೇಳಲಾರೆ ಎಂದಿದ್ದಾರೆ ಡಾಕ್ಟರಮ್ಮ. ಅಮ್ಮ ಮರುಪರೀಕ್ಷೆಗೆ ಒಪ್ಪಲಿಲ್ಲ. "ಅಕ್ಕಂಗೆ ಹೇಳ್ದೆ ಇದ್ದೋರು ನಂಗೇನ್ ಹೇಳ್ತಾರೆ?" ಡಾಕ್ಟರಮ್ಮ ಕೊಟ್ಟಿದ್ದ ನಿಮ್ಮ ಹಾಳೆಯನ್ನು ಅವಳ ಮಡಿಲಲ್ಲಿಟ್ಟೆ. ಅವಳು ನಿಮ್ಮ ಹೆಸರಿನ ಮೇಲೆ ಬೆರಳಾಡಿಸಿದಳು. ಆಮೇಲೆ, "ಎಷ್ಟು ಗಂಟೆಗೆ?" ಎಂದಳು.

ಉಳಿದ ಹತ್ತು ಮನೆಗೂ ನಡೆದು ಹೋಗಿ ಹೇಳಿಬಂದಿದ್ದೇನೆ. ಡಾಕ್ಟರಮ್ಮ ತಾವೇ ಬಂದು ಅವರವರ ಹಾಳೆಯನ್ನು ಅವರವರ ಕೈಗೆ ಕೊಟ್ಟು, ಓದಿ ಹೇಳಿ, ಮತ್ತೆ ಪರೀಕ್ಷೆ ಮಾಡುತ್ತಾರೆ. ನಮ್ಮೂರ ಪಂಚಾಯಿತಿ ಕಟ್ಟಡದಲ್ಲಿ, ಬರುವ ಭಾನುವಾರ, ಬೆಳಿಗ್ಗೆ ಏಳೂವರೆಗೆ.